ಮಗುವಿನ ಕೈಗೆ ಕೋಳಿ: ಓಹಾಯೋದ ಫೋರ್-ಎಚ್ ಕೋಳಿ ಯೋಜನೆಯ ವಿಮರ್ಶೆ

ಓಹಾಯೋದ ಕನ್ನಡ ಕುಟುಂಬಗಳಲ್ಲಿ ಮಕ್ಕಳನ್ನು ಈಜಿಗೆ, ಭರತನಾಟ್ಯಕ್ಕೆ, ಗಣಿತದ ತರಗತಿಗೆ ಸೇರಿಸುವವರು ಬಹಳ ಮಂದಿ ಇದ್ದಾರೆ. ಕೌಂಟಿ ಫೇರ್ ಎಂಬ ಜಿಲ್ಲಾ ಕೃಷಿ ಜಾತ್ರೆಯಲ್ಲಿ ಕೋಳಿ ಪ್ರದರ್ಶಿಸುವುದಕ್ಕೆ ಸೇರಿಸುವವರು ತೀರ ವಿರಳ. ಬೇಸಿಗೆಯಲ್ಲಿ ಫೇರ್‌ಗೆ ಹೋಗಿ ಕೋಳಿಗಳ ಶೆಡ್ಡಿನೊಳಗೆ ಒಂದು ಸುತ್ತು ಹಾಕಿ ಬಂದ ಮಗು ತನಗೂ ಹೀಗೆ ಒಂದು ಕೋಳಿ ಬೇಕು, ತಾನೂ ಅದನ್ನು ಹಿಡಿದು ತೋರಿಸಬೇಕು ಎಂದು ಕೇಳಿದಾಗ, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ನಮ್ಮಲ್ಲಿ ಹೆಚ್ಚಿನವರು ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ನಮ್ಮ ಮನೆಯಲ್ಲಿ ಮಗಳ ಆ ಬೇಡಿಕೆ ಬಿಡುವಂಥದ್ದಾಗಿರಲಿಲ್ಲ. ಹಾಗಾಗಿ ಫೋರ್-ಎಚ್ ಎಂಬ ಮಕ್ಕಳ ಸಂಸ್ಥೆಯ ಕೋಳಿ ಯೋಜನೆಗೆ ಅವಳ ಹೆಸರು ಬರೆಸಿದೆವು. ಅದು ಈಗಲೂ ನಡೆಯುತ್ತಿದೆ. ಆ ಅನುಭವದಿಂದ, ಇದೇ ದಾರಿಯಲ್ಲಿ ಹೊರಡಲು ಯೋಚಿಸುತ್ತಿರುವ ತಂದೆ ತಾಯಂದಿರಿಗಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎಂಟು ವರ್ಷ ದಾಟಿದ ಮಗುವಿಗೆ ಒಂದು ಜೀವದ ಹೊಣೆಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಇಲ್ಲಿ ಕಂಡಿಲ್ಲ. ಆದರೆ ಅದರ ಪೂರ್ಣ ಫಲ ದೊರೆಯುವುದು, ಕೋಳಿಗೆ ಸಿಗುವ ಬಹುಮಾನದ ರಿಬ್ಬನ್ನಿಗಿಂತ ಮಗುವಿನ ಕೈಕೆಲಸವನ್ನು ಪರೀಕ್ಷಿಸುವ 'ಶೋಮನ್‌ಶಿಪ್' ವಿಭಾಗವನ್ನೇ ಮುಖ್ಯವೆಂದು ಹಿಡಿದುಕೊಂಡವರಿಗೆ ಮಾತ್ರ.

ಫೋರ್-ಎಚ್ ಎಂದರೆ ಏನು ಎಂಬುದನ್ನು ಊರಿನಿಂದ ಬಂದವರಿಗೆ ಸ್ವಲ್ಪ ವಿವರಿಸಬೇಕಾಗುತ್ತದೆ. 1902ರ ಜನವರಿಯಲ್ಲಿ ಓಹಾಯೋದ ಕ್ಲಾರ್ಕ್ ಕೌಂಟಿಯಲ್ಲಿ, ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ನ್ಯಾಯಾಲಯದ ನೆಲಮಾಳಿಗೆಯಲ್ಲಿ, ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಹಳ್ಳಿಯ ಹುಡುಗ ಹುಡುಗಿಯರಿಗಾಗಿ ಆರಂಭಿಸಿದ ಕೃಷಿ ಕೂಟವೇ ಇದರ ಮೂಲ. 1914ರ ಸ್ಮಿತ್-ಲೀವರ್ ಕಾಯ್ದೆ ಕೃಷಿ ವಿಶ್ವವಿದ್ಯಾಲಯಗಳ ಜ್ಞಾನವನ್ನು ಜನರ ಮನೆಬಾಗಿಲಿಗೆ ಒಯ್ಯುವ ಎಕ್ಸ್‌ಟೆನ್ಷನ್ ವ್ಯವಸ್ಥೆಯನ್ನು ಕಟ್ಟಿದಾಗ ಈ ಮಕ್ಕಳ ಕೂಟಗಳೂ ಅದರ ಭಾಗವಾದವು. ಇಂದು ಓಹಾಯೋದಲ್ಲಿ ಇದನ್ನು ನಡೆಸುವುದು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಷನ್ ವಿಭಾಗ; ಪ್ರತಿ ಕೌಂಟಿಯಲ್ಲೂ ಅದರ ಕಚೇರಿ ಇದೆ. ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ರೈತರಿಗೆ ಮಾಡುವ ವಿಸ್ತರಣಾ ಕೆಲಸವನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಮಗು ಎಂಟು ವರ್ಷ ತುಂಬಿ ಮೂರನೇ ತರಗತಿಗೆ ಬಂದ ಮೇಲೆ ಯೋಜನೆಯೊಂದನ್ನು ಆರಿಸಿಕೊಂಡು ಸ್ಪರ್ಧೆಗೆ ಇಳಿಯಬಹುದು. ಅದಕ್ಕಿಂತ ಚಿಕ್ಕವರಿಗೆ 'ಕ್ಲೋವರ್‌ಬಡ್' ಎಂಬ, ಸ್ಪರ್ಧೆಯಿಲ್ಲದ ಪ್ರತ್ಯೇಕ ಗುಂಪು ಇದೆ. ಮಗು ಊರಿನ ಒಂದು ಕ್ಲಬ್ಬಿಗೆ ಸೇರುತ್ತದೆ, ಯೋಜನೆಯ ಪುಸ್ತಕ ಕೊಳ್ಳುತ್ತದೆ, ಖರ್ಚು ಮತ್ತು ಮೇವಿನ ಲೆಕ್ಕ ಬರೆಯುತ್ತದೆ, ಆಹಾರಕ್ಕಾಗಿ ಸಾಕುವ ಪ್ರಾಣಿಗಳನ್ನು ಪ್ರದರ್ಶಿಸುವವರಿಗೆ ಓಹಾಯೋದಲ್ಲಿ ಕಡ್ಡಾಯವಾದ 'ಕ್ವಾಲಿಟಿ ಅಶ್ಯೂರೆನ್ಸ್' ತರಬೇತಿಯನ್ನು ಮುಗಿಸುತ್ತದೆ, 'ಸ್ಕಿಲ್ಲಥಾನ್' ಎಂಬ ತಿಳಿವಳಿಕೆಯ ಪರೀಕ್ಷೆಗೆ ಕೂರುತ್ತದೆ, ಕೊನೆಗೆ ಬೇಸಿಗೆಯ ಫೇರ್‌ನಲ್ಲಿ ತನ್ನ ಹಕ್ಕಿಯೊಂದಿಗೆ ನಿಲ್ಲುತ್ತದೆ.

ಹಸು, ಹಂದಿ, ಕುರಿ, ಮೇಕೆ ಎಲ್ಲಕ್ಕೂ ಇಲ್ಲಿ ಯೋಜನೆಗಳಿವೆ. ಜಮೀನಿಲ್ಲದ, ಪ್ರಾಣಿ ಸಾಗಿಸುವ ಟ್ರೇಲರ್ ಇಲ್ಲದ, ಹಗಲೆಲ್ಲ ಕಚೇರಿಯಲ್ಲಿರುವ ನಮ್ಮಂಥ ಮನೆಗಳಿಗೆ ಕೋಳಿಯೇ ಸರಿ. ಎರಡು ಮೂರು ಹೇಂಟೆಗಳಿಗೆ ಹಿತ್ತಿಲಿನ ಒಂದು ಮೂಲೆ ಸಾಕು, ಕಾರಿನ ಹಿಂದಿನ ಸೀಟಿನಲ್ಲಿ ಪಂಜರವಿಟ್ಟು ಫೇರ್‌ಗೆ ಒಯ್ಯಬಹುದು, ಒಂಬತ್ತು ವರ್ಷದ ಮಗು ಅದನ್ನು ಒಂದೇ ಕೈಯಲ್ಲಿ ಎತ್ತಬಲ್ಲದು. ಆದರೆ ಹಕ್ಕಿಯನ್ನು ತರುವ ಮುನ್ನ ನಿಮ್ಮ ಊರಿನ ಝೋನಿಂಗ್ ನಿಯಮವನ್ನೂ ಬಡಾವಣೆಯ ಸಂಘದ ಕಟ್ಟಳೆಯನ್ನೂ ಕಾಗದದಲ್ಲಿ ಓದಿ ನೋಡಿ. ಅನೇಕ ಕಡೆ ಹೇಂಟೆಗೆ ಅನುಮತಿ ಇದ್ದರೂ ಹುಂಜಕ್ಕೆ ಇರುವುದಿಲ್ಲ, ಕೆಲವು ಬಡಾವಣೆಗಳಲ್ಲಿ ಎರಡಕ್ಕೂ ಇರುವುದಿಲ್ಲ. ಅಂಥ ಕಡೆ ಇರುವವರು ಕ್ಲಬ್ಬಿನ ಬೇರೊಂದು ಕುಟುಂಬದ ಅಂಗಳದಲ್ಲಿ ಹಕ್ಕಿಯನ್ನು ಇಟ್ಟು ಸಾಕಲು ಅವಕಾಶ ಉಂಟೇ ಎಂದು ಕೌಂಟಿ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು.

ಈ ಯೋಜನೆಯೊಳಗೆ ಎರಡು ದಾರಿಗಳಿವೆ ಎಂಬುದು ಹೊಸಬರಿಗೆ ತಿಳಿದಿರಲೇಬೇಕು. ಒಂದು ಮಾರ್ಕೆಟ್ ವಿಭಾಗ: ಬೇಗ ಬೆಳೆಯುವ ಕಾರ್ನಿಷ್ ಕ್ರಾಸ್ ಮಾಂಸದ ಕೋಳಿಗಳನ್ನು ಆರೆಂಟು ವಾರ ಸಾಕಿ, ಒಂದೇ ಸಮನಾಗಿರುವವುಗಳನ್ನು ಆರಿಸಿ ಫೇರ್‌ಗೆ ತಂದು, ಹರಾಜಿನಲ್ಲಿ ಮಾರುವುದು. ಆ ಕೋಳಿಗಳು ಅಲ್ಲಿಂದ ಮನೆಗೆ ಹಿಂದಿರುಗುವುದಿಲ್ಲ. ಇನ್ನೊಂದು ಫ್ಯಾನ್ಸಿ ವಿಭಾಗ: ತಳಿಯ ರೂಪಕ್ಕಾಗಿ ಸಾಕಿದ ಕೋಳಿಯನ್ನು ತೋರಿಸಿ ಮತ್ತೆ ಮನೆಗೆ ಕರೆತರುವುದು. ಹಾಸನದ ನಮ್ಮ ಅತ್ತೆಯವರು ಫೋನಿನಲ್ಲಿ ಈ ಸುದ್ದಿ ಕೇಳಿದ ಕೂಡಲೇ ಮೊಮ್ಮಗಳನ್ನು ಕೇಳಿದ್ದು, "ಅದನ್ನ ಕೊಯ್ಯೋಕ್ಕೇನೇ ಪುಟ್ಟಿ, ಸಾಕೋಕ್ಕಾ?" ಎಂದು. ಪುತ್ತೂರಿನ ಕಡೆಯ ಬಂಧುಗಳಿಗೆ ಕೋಳಿಯ ಸ್ಪರ್ಧೆ ಎಂದ ತಕ್ಷಣ ನೆನಪಾದದ್ದು ಕೋಳಿ ಅಂಕ. ಕೊಯ್ಯುವುದಕ್ಕೂ ಅಲ್ಲ, ಕಾಳಗಕ್ಕೂ ಅಲ್ಲವೆಂದು ತಿಳಿಸಿ ಹೇಳಬೇಕಾಯಿತು. ಮಾಂಸಾಹಾರಿ ಮನೆಗಳಲ್ಲೂ ಮೊದಲ ವರ್ಷದ ಚಿಕ್ಕ ಮಗುವಿಗೆ ಹರಾಜಿನ ದಿನ ಭಾರವಾಗುತ್ತದೆ. ಶೆಡ್ಡಿನ ಹಿಂದೆ ಅಪ್ಪನ ಹೆಗಲಿಗೆ ಮುಖವೊತ್ತಿ ಅಳುವ ಮಕ್ಕಳನ್ನು ಪ್ರತಿ ಫೇರ್‌ನಲ್ಲೂ ಕಾಣಬಹುದು. ರೈತ ಕುಟುಂಬದ ಮಕ್ಕಳಿಗೆ ಅದೂ ಒಂದು ಪಾಠವೇ ಇರಬಹುದು, ಅದನ್ನು ನಾನು ಕೀಳೆಂದು ಹೇಳುತ್ತಿಲ್ಲ. ಆದರೆ ಮನೆಯಲ್ಲಿ ಈ ಬದುಕಿನ ಹಿನ್ನೆಲೆಯಿಲ್ಲದ ಮಗುವಿಗೆ ಫ್ಯಾನ್ಸಿ ವಿಭಾಗವನ್ನೇ ಆರಿಸಿ. ಅದೇ ಹಕ್ಕಿ ಮುಂದಿನ ವರ್ಷವೂ ಅವಳ ಜೊತೆಗಿರುತ್ತದೆ, ಕಲಿಕೆಯೂ ಮುಂದುವರಿಯುತ್ತದೆ.

ಯಾವ ಕೋಳಿ ಎಂಬ ಪ್ರಶ್ನೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ವಸಂತ ಬಂತೆಂದರೆ ಮೇವಿನ ಅಂಗಡಿಗಳಲ್ಲಿ ಕೆಂಪು ದೀಪದಡಿ ಹಳದಿ ಮರಿಗಳು ಚಿಂವ್‌ಗುಟ್ಟುತ್ತಿರುತ್ತವೆ, ಹ್ಯಾಚರಿಗಳು ಅಂಚೆಯಲ್ಲೇ ಮರಿಗಳನ್ನು ಕಳಿಸುತ್ತವೆ. ಮೊಟ್ಟೆಯೊಡೆದು ಬರುವ ಮುನ್ನ ಒಳಗೆಳೆದುಕೊಂಡ ಹಳದಿ ಲೋಳೆಯ ಬಲದಿಂದ ಮರಿ ಸುಮಾರು 72 ಗಂಟೆಗಳವರೆಗೆ ಮೇವು ನೀರಿಲ್ಲದೆ ಬದುಕಬಲ್ಲದಾದ್ದರಿಂದ ಇದು ಸಾಧ್ಯ. ಮೊಟ್ಟೆಗಾಗಿ ಸಾಕುವವರಿಗೆ ಇವು ಬಹಳ ಒಳ್ಳೆಯ ಕೋಳಿಗಳು, ಪ್ರದರ್ಶನಕ್ಕೆ ಮಾತ್ರ ಸಾಮಾನ್ಯವಾಗಿ ಸಾಲವು. ಒಂದು ಹ್ಯಾಚರಿಯಿಂದ ಪಟ್ಟೆಗರಿಯ ಪ್ಲಿಮತ್ ರಾಕ್ ಹೇಂಟೆಮರಿಗಳೆಂದು ನಾವು ತರಿಸಿದವುಗಳಲ್ಲಿ ಕೆಲವು ಬೆಳೆದು ಹುಂಜಗಳಾದವು. ಉಳಿದವುಗಳ ಪಟ್ಟೆ ಮಸುಕಾಗಿ ಒಂದರೊಳಗೊಂದು ಕಲೆತುಹೋಗಿತ್ತು. ಒಳ್ಳೆಯ ಪ್ಲಿಮತ್ ರಾಕ್‌ನ ಬೆನ್ನಿನ ಗರಿಯನ್ನು ಬೆರಳಿನಿಂದ ಎತ್ತಿ ನೋಡಿದರೆ ಪಟ್ಟೆ ಚರ್ಮದ ತನಕ ಇಳಿದಿರಬೇಕು, ಅಂಚುಗಳು ಚೊಕ್ಕವಾಗಿರಬೇಕು. ತೀರ್ಪುಗಾರರು ನೋಡುವುದು ಅದನ್ನೇ. ಹ್ಯಾಚರಿಗಳು ಹೆಚ್ಚು ಮೊಟ್ಟೆ, ಹೆಚ್ಚು ಮರಿ ಎಂಬ ಗುರಿಯಿಂದ ತಳಿ ಬೆಳೆಸುವುದರಿಂದ ತಳಿಯ ರೂಪ ಸವೆಯುತ್ತಾ ಹೋಗುವುದು ಸಹಜ.

ಆದ್ದರಿಂದ ಮೊದಲ ಹಕ್ಕಿಯನ್ನು ಮರಿಯಾಗಿ ಕೊಳ್ಳಬೇಡಿ, ಬೆಳೆದದ್ದನ್ನೇ ಕೊಳ್ಳಿ. ಅಂಗಡಿಯಿಂದ ಬೇಡ, ತಳಿಗಾರರಿಂದ ತನ್ನಿ. ನವೆಂಬರ್ ತಿಂಗಳಲ್ಲಿ ನಡೆಯುವ ಓಹಾಯೋ ನ್ಯಾಷನಲ್ ಪೌಲ್ಟ್ರಿ ಶೋದಂಥ ದೊಡ್ಡ ಪ್ರದರ್ಶನಗಳಲ್ಲಿ ಮಾರಾಟದ ಸಾಲು ಒಂದು ಬೇರೆಯೇ ಇರುತ್ತದೆ. ಅಲ್ಲಿ ವಯಸ್ಸಾದ ತಳಿಗಾರರು, ಕೊಳ್ಳುವವರು ಒಂದು ಮಗು ಎಂದು ಗೊತ್ತಾದರೆ, ಪಂಜರದ ಮುಂದೆ ಮಂಡಿಯೂರಿ ಕುಳಿತು ಹಕ್ಕಿಯ ಗುಣದೋಷಗಳನ್ನು ಬಿಡಿಸಿ ಹೇಳುತ್ತಾರೆ, ಬೆಲೆಯಲ್ಲೂ ಉದಾರವಾಗಿರುತ್ತಾರೆ. ತಳಿಗಳಲ್ಲಿ ನನ್ನ ಶಿಫಾರಸು ಕೊಚಿನ್ ಬ್ಯಾಂಟಮ್, ಅದರಲ್ಲೂ ಕಪ್ಪು ಬಣ್ಣದ್ದು. ಬ್ಯಾಂಟಮ್ ಎಂದರೆ ದೊಡ್ಡ ತಳಿಯ ಸುಮಾರು ನಾಲ್ಕನೇ ಅಥವಾ ಐದನೇ ಒಂದು ಭಾಗದಷ್ಟು ತೂಗುವ ಪುಟ್ಟ ಕೋಳಿ. ಕೊಚಿನ್ ದುಂಡಗೆ, ಸಾಧುವಾಗಿ, ಎತ್ತಿದರೆ ಎತ್ತಿದಂತೆ ಕೂರುವ ಹಕ್ಕಿ. ಕಪ್ಪು ಗರಿಯಲ್ಲಿ ಕಲೆಯೂ ಅಷ್ಟಾಗಿ ಎದ್ದು ಕಾಣುವುದಿಲ್ಲ. ಅದರ ಕಾಲಿನ ಮೇಲಿರುವ ಗರಿ ಮಾತ್ರ ಕೆಸರಿನಲ್ಲಿ ಬೇಗ ಮುರಿಯುವುದರಿಂದ ಒಣ ನೆಲದಲ್ಲೇ ಸಾಕಬೇಕು. ಮಕ್ಕಳೆಲ್ಲ ಮೊದಲು ಬೆರಳು ತೋರಿಸುವುದು ಸಿಲ್ಕಿಯ ಕಡೆಗೆ. ಕಪ್ಪು ಚರ್ಮ, ಐದು ಬೆರಳು, ರೇಷ್ಮೆಯಂಥ ಗರಿ ಎಲ್ಲವೂ ಮುದ್ದಾಗಿಯೇ ಇವೆ. ಆದರೆ ಆ ಗರಿ ನೀರನ್ನು ತಡೆಯುವುದಿಲ್ಲ, ತೊಳೆದ ಮೇಲೆ ಒಣಗಿಸುವುದು ದೊಡ್ಡ ಕೆಲಸ. ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಬಹುದು.

ಇಲ್ಲಿ ಒಂದು ಪುಸ್ತಕದ ಮಾತು ಬರಲೇಬೇಕು. 1873ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫೆಲೊ ನಗರದಲ್ಲಿ ಹುಟ್ಟಿದ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಮರುವರ್ಷವೇ ಹೊರತಂದ 'ಸ್ಟ್ಯಾಂಡರ್ಡ್ ಆಫ್ ಪರ್ಫೆಕ್ಷನ್' ಇಂದಿಗೂ ಪರಿಷ್ಕಾರಗೊಳ್ಳುತ್ತಾ ಬಂದಿದೆ, ಇಂದಿಗೂ ತೀರ್ಪುಗಾರರ ಕೈಪಿಡಿ ಅದೇ. ಪ್ರತಿ ತಳಿಗೆ ಜುಟ್ಟು ಎಂಥದ್ದಿರಬೇಕು, ಬೆನ್ನಿನ ಇಳಿಜಾರು ಎಷ್ಟಿರಬೇಕು, ಹುಂಜ ಹೇಂಟೆಗಳ ತೂಕ ಎಷ್ಟು, ಯಾವ ದೋಷವಿದ್ದರೆ ಹಕ್ಕಿಯನ್ನು ಸ್ಪರ್ಧೆಯಿಂದಲೇ ಹೊರಗಿಡಬೇಕು ಎಂಬುದೆಲ್ಲ ಅದರಲ್ಲಿದೆ. ಒಂಟಿ ಜುಟ್ಟಿನ ಪಕ್ಕದಲ್ಲಿ ಮೊಳೆತ ಒಂದು ಸಣ್ಣ ಕುಡಿ, ಬೋಳುಗಾಲಿನ ತಳಿಯ ಬೆರಳುಗಳ ನಡುವೆ ಅಡಗಿರುವ ಒಂದು ಎಳೆಗರಿ, ಒಂದು ಕಡೆಗೆ ಸೊಟ್ಟಗಾದ ಬಾಲ, ಇವುಗಳಲ್ಲಿ ಯಾವುದೊಂದು ಸಾಕು ಹೊರಗಾಗುವುದಕ್ಕೆ. ಪುಸ್ತಕ ದುಬಾರಿ, ಭಾಷೆ ಮಗುವಿಗೆ ಕಠಿಣ. ಗ್ರಂಥಾಲಯದಿಂದಲೋ ಕ್ಲಬ್ಬಿನ ಹಿರಿಯರಿಂದಲೋ ತಂದು, ನಿಮ್ಮ ತಳಿಯ ಪುಟಗಳನ್ನಷ್ಟೇ ಮಗುವಿನೊಂದಿಗೆ ಕುಳಿತು, ಮಡಿಲಲ್ಲಿ ಹಕ್ಕಿಯನ್ನಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ ಓದಿದರೆ ಸಾಕು. ಆ ಓದು ನಮ್ಮ ಮನೆಯಲ್ಲಿ ಕನ್ನಡದಲ್ಲೇ ನಡೆಯಿತು. ಪುಕ್ಕ, ಕೊಕ್ಕು, ಜುಟ್ಟು, ರೆಕ್ಕೆ ಎಂಬ ಮಾತುಗಳೆಲ್ಲ ಮಗಳ ಬಾಯಿಗೆ ಬಂದದ್ದು ಹಾಗೆ.

ಹಕ್ಕಿ ಮನೆಗೆ ಬಂದ ಮೇಲಿನ ತಿಂಗಳುಗಳಲ್ಲಿ ನಿಜವಾದ ಕೆಲಸ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ನಡೆಯುತ್ತದೆ. ಪ್ರತಿ ಸಂಜೆ ಮಗು ಅದನ್ನು ಎತ್ತಿ ಹಿಡಿಯಬೇಕು, ರೆಕ್ಕೆ ಬಿಡಿಸಿ ಮುಚ್ಚಬೇಕು, ಫೇರ್‌ನಲ್ಲಿರುವಂಥ ತಂತಿಯ ಪಂಜರದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಪಂಜರಕ್ಕೆ ಒಗ್ಗದ ಹಕ್ಕಿ ತೀರ್ಪಿನ ದಿನ ಮೂಲೆಗೆ ಮುದುರಿ ಕುಳಿತರೆ ಅದರ ರೂಪವೇ ಕಾಣುವುದಿಲ್ಲ. ವಾರಕ್ಕೊಮ್ಮೆಯಾದರೂ ಮಲದ್ವಾರದ ಸುತ್ತಿನ ಗರಿ ಬಿಡಿಸಿ ಹೇನು, ನುಸಿ ಇದೆಯೇ ನೋಡಬೇಕು. ಗರಿಯ ಬುಡದಲ್ಲಿ ಬಿಳಿಯ ಗಂಟುಗಳಂತೆ ಅಂಟಿಕೊಂಡಿರುವುದು ಹೇನಿನ ಮೊಟ್ಟೆ. ಫೇರ್‌ನ ಬಾಗಿಲಲ್ಲಿ ಇದು ಕಂಡರೆ ಹಕ್ಕಿಯನ್ನು ಒಳಗೆ ಬಿಡದಿರಬಹುದು. ಮುರಿದ ಗರಿ ಮುಂದಿನ ಗರಿಯುದುರುವ ಕಾಲದವರೆಗೂ ಮುರಿದಂತೆಯೇ ಇರುತ್ತದೆ ಎಂಬುದನ್ನು ಯೋಜನೆಯ ಪುಸ್ತಕ ಒತ್ತಿ ಹೇಳುವುದಿಲ್ಲ, ಹೇಳಬೇಕಿತ್ತು. ಅದೇ ಗರಿಯನ್ನು ಬುಡಸಹಿತ ಕಿತ್ತರೆ ಒಂದೂವರೆ ಎರಡು ತಿಂಗಳಲ್ಲಿ ಹೊಸದು ಬರುತ್ತದೆ. ಆದ್ದರಿಂದ ಫೇರ್‌ಗೆ ಸಾಕಷ್ಟು ಮುಂಚೆಯೇ ಹಕ್ಕಿಯನ್ನು ತಲೆಯಿಂದ ಬಾಲದವರೆಗೆ ಒಮ್ಮೆ ಪರಿಶೀಲಿಸಿ, ಏನು ಮಾಡಬೇಕೆಂದು ಕ್ಲಬ್ಬಿನ ಸಲಹೆಗಾರರನ್ನು ಕೇಳಿ ತೀರ್ಮಾನಿಸಬೇಕು. ಕೈ ತೊಳೆಯುವ ವಿಷಯದಲ್ಲಿ ರಿಯಾಯಿತಿ ಬೇಡ. ನೋಡಲು ಆರೋಗ್ಯವಾಗಿರುವ ಕೋಳಿಯಲ್ಲೂ ಸಾಲ್ಮೊನೆಲ್ಲ ಇರಬಹುದು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳು ಕೋಳಿಯನ್ನು ಮುಟ್ಟದಿರುವುದೇ ಒಳ್ಳೆಯದೆಂದು ಇಲ್ಲಿನ ಆರೋಗ್ಯ ಇಲಾಖೆಯೂ ಹೇಳುತ್ತದೆ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಇದನ್ನು ನೆನಪಿಡಬೇಕು.

ಸ್ನಾನದ ದಿನವನ್ನು ಮಕ್ಕಳು ಹಬ್ಬದಂತೆ ಕಾಯುತ್ತಾರೆ. ಗರಿಯ ಸಹಜ ಎಣ್ಣೆ ಮರಳಿ ಬರಲೆಂದು ಫೇರ್‌ಗೆ ಎರಡು ಮೂರು ದಿನ ಮುಂಚೆಯೇ ಇದನ್ನು ಮುಗಿಸಬೇಕು. ಮೂರು ಬಕೆಟ್ ಉಗುರು ಬೆಚ್ಚನೆಯ ನೀರು: ಮೊದಲನೆಯದರಲ್ಲಿ ಸೌಮ್ಯವಾದ ಸೋಪು, ಎರಡನೆಯದರಲ್ಲಿ ಸೋಪಿನ ಅಂಶ ತೆಗೆಯಲು ಸ್ವಲ್ಪ ಬಿಳಿ ವಿನೆಗರ್, ಮೂರನೆಯದರಲ್ಲಿ ಬರೀ ನೀರು. ಹಕ್ಕಿಯ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು ಮೆಲ್ಲಗೆ ಇಳಿಸಿದರೆ ಮೊದಲು ಒಂದೆರಡು ಸಲ ಒದ್ದಾಡುತ್ತದೆ; ಬೆಚ್ಚನೆಯ ನೀರು ಗರಿಯೊಳಗೆ ಇಳಿದು ಚರ್ಮವನ್ನು ಮುಟ್ಟಿದ ಮೇಲೆ ಕತ್ತು ಸಡಿಲಿಸಿ, ಕಣ್ಣಿನ ಕೆಳರೆಪ್ಪೆ ಮೇಲಕ್ಕೆ ಸರಿದು, ಅಲ್ಲೇ ತೂಕಡಿಸತೊಡಗುತ್ತದೆ. ಗರಿಯನ್ನು ಅದು ಬೆಳೆದ ದಿಕ್ಕಿನಲ್ಲೇ ಸವರಬೇಕೇ ಹೊರತು ಎದುರಾಗಿ ಉಜ್ಜಬಾರದು. ಕಾಲಿನ ಹುರುಪೆಗಳ ಸಂದಿನಲ್ಲಿ ಕೂತ ಕೊಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಕೊನೆಗೆ ಹಲ್ಲುಕಡ್ಡಿಯಿಂದ ತೆಗೆಯಬೇಕು. ನಮ್ಮ ಮಗಳು ಈ ಕೆಲಸದಲ್ಲಿ ತೋರುವ ತಾಳ್ಮೆಯ ಅರ್ಧದಷ್ಟನ್ನು ಬೇರೆಲ್ಲೂ ನಾನು ಕಂಡಿಲ್ಲ. ಆಮೇಲೆ ಟವೆಲಿನಲ್ಲಿ ಸುತ್ತಿ, ಹೇರ್ ಡ್ರೈಯರಿನ ಕಡಿಮೆ ಬಿಸಿಯಲ್ಲಿ ಪೂರ್ತಿ ಒಣಗಿಸಿ, ಪೈನ್ ಮರದ ಹೊಸ ಚಕ್ಕೆ ಹರಡಿದ ಪಂಜರದಲ್ಲಿ ಬಿಡುವುದು. ಜುಟ್ಟಿಗೂ ಕಾಲಿಗೂ ತೆಳ್ಳಗೆ ವ್ಯಾಸಲೀನ್ ಸವರುವುದು ಫೇರ್‌ನ ಬೆಳಿಗ್ಗೆ. ಹಿಂದಿನ ದಿನ ಸವರಿದರೆ ಧೂಳು ಹಿಡಿಯುತ್ತದೆ.

ಫೇರ್‌ನ ಪ್ರವೇಶಕ್ಕೆ ಪುಲ್ಲೋರಮ್ ರೋಗವಿಲ್ಲವೆಂಬ ದಾಖಲೆ ಬೇಕು. ಒಮ್ಮೆ ಮರಿಗಳನ್ನು ಗುಂಪುಗುಂಪಾಗಿ ಕೊಂದ ಈ ರೋಗವನ್ನು ಹತ್ತಿಕ್ಕಲೆಂದೇ 1935ರಲ್ಲಿ ನ್ಯಾಷನಲ್ ಪೌಲ್ಟ್ರಿ ಇಂಪ್ರೂವ್‌ಮೆಂಟ್ ಪ್ಲಾನ್ ಆರಂಭವಾಯಿತು. ಆ ಯೋಜನೆಯಡಿ ನೋಂದಾಯಿತರಾದ ತಳಿಗಾರರಿಂದ ಕೊಂಡಿದ್ದರೆ ಅವರು ಕೊಡುವ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಇಲ್ಲವಾದರೆ ಪರೀಕ್ಷೆ ಮಾಡಿಸಬೇಕು. ರೆಕ್ಕೆಯ ಒಳಬದಿಯ ರಕ್ತನಾಳದಿಂದ ತೆಗೆದ ಒಂದು ಹನಿ ರಕ್ತವನ್ನು ಬಿಳಿಯ ಫಲಕದ ಮೇಲೆ ನೇರಳೆ ಬಣ್ಣದ ದ್ರಾವಣದೊಂದಿಗೆ ಬೆರೆಸಿ, ಎರಡು ನಿಮಿಷ ಆ ಕಡೆ ಈ ಕಡೆ ವಾಲಿಸುತ್ತಾ ನೋಡುತ್ತಾರೆ. ದ್ರಾವಣ ಕಣಕಣವಾಗಿ ಹೆಪ್ಪುಗಟ್ಟಿದರೆ ಅನುಮಾನ, ಗಟ್ಟಿಯಾಗದಿದ್ದರೆ ಸರಿ. ಮಗುವನ್ನು ಆಗ ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ, ಯಾವ ಪ್ರಯೋಗಾಲಯದ ಪಾಠವೂ ಇಷ್ಟು ಹತ್ತಿರದಿಂದ ಸಿಗುವುದಿಲ್ಲ.

ಈಗ ಶೋಮನ್‌ಶಿಪ್. ಉಳಿದ ವಿಭಾಗಗಳಲ್ಲಿ ಹಕ್ಕಿ ಪಂಜರದಲ್ಲಿರುತ್ತದೆ, ತೀರ್ಪುಗಾರರು ಅದನ್ನು ತೆಗೆದು ನೋಡಿ ಒಳಗಿಡುತ್ತಾರೆ. ಮಗು ದೂರದಲ್ಲಿ ಕಾಯುತ್ತದೆ. ಇಲ್ಲಿ ಹಾಗಲ್ಲ. ತೋಳುದ್ದದ ಬಿಳಿ ಅಂಗಿ ತೊಟ್ಟ ಮಗು ಮೇಜಿನ ಮುಂದೆ ನಿಂತು, ಹಕ್ಕಿಯನ್ನು ತಾನೇ ಪಂಜರದಿಂದ ತೆಗೆದು, ಒಂದೊಂದು ಅಂಗವನ್ನೂ ತೋರಿಸಿ, ಏನನ್ನು ಏಕೆ ನೋಡುತ್ತಿದ್ದೇನೆಂದು ಹೇಳಬೇಕು. ಹಕ್ಕಿಯ ತಲೆ ಮೊದಲು ಹೊರಬರಬೇಕು, ಹಿಂದಿರುಗಿಸುವಾಗಲೂ ತಲೆಯೇ ಮೊದಲು ಒಳಹೋಗಬೇಕು. ಬಾಲ ಮೊದಲಾದರೆ ಗರಿ ತಂತಿಗೆ ಸಿಕ್ಕಿ ಮುರಿಯುತ್ತದೆ. ಅಂಗೈಯನ್ನು ಎದೆಮೂಳೆಯ ಕೆಳಗೆ ಸರಿಸಿ, ಎರಡು ಕಾಲುಗಳ ನಡುವೆ ತೋರುಬೆರಳು ತೂರಿಸಿ, ಹಕ್ಕಿಯ ಭಾರವನ್ನು ಮುಂಗೈ ಮೇಲೆ ಹೊತ್ತುಕೊಂಡಾಗ ಇನ್ನೊಂದು ಕೈ ಸ್ವತಂತ್ರವಾಗುತ್ತದೆ. ಆ ಕೈಯಿಂದ ಮೊದಲು ತಲೆ: ಕಣ್ಣು ಹೊಳೆಯುತ್ತಿದೆಯೇ, ಜುಟ್ಟಿನಲ್ಲಿ ದೋಷವಿದೆಯೇ. ನಂತರ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ, ಹೊರಗಿನ ಹತ್ತು ಪ್ರಧಾನ ಗರಿಗಳನ್ನು, ಒಳಗಿನ ಸಾಲನ್ನು, ಎರಡರ ನಡುವಿನ ಒಂದು ಗಿಡ್ಡ ಗರಿಯನ್ನು ಗುರುತಿಸಬೇಕು. ಬೆನ್ನಿನ ಗರಿಯನ್ನು ಎತ್ತಿ, ಇಲ್ಲವೇ ಮೆಲ್ಲಗೆ ಊದಿ, ಒಳಬಣ್ಣ ತೋರಿಸಬೇಕು. ಎದೆಮೂಳೆ ನೇರವಾಗಿದೆಯೇ ಎಂದು ಬೆರಳಿನಿಂದ ಸವರಬೇಕು. ಮೊಟ್ಟೆಯಿಡುವ ಹೇಂಟೆಯಾದರೆ ಹಿಂಭಾಗದ ಎರಡು ಮೂಳೆಗಳ ನಡುವೆ ಎರಡು ಮೂರು ಬೆರಳು ಹಿಡಿಸಬೇಕು. ಮೊಟ್ಟೆ ನಿಲ್ಲಿಸಿದ್ದರೆ ಅಷ್ಟು ಅಂತರ ಇರುವುದಿಲ್ಲ.

ಇದರ ನಡುವೆಯೇ ಪ್ರಶ್ನೆಗಳು ಬರುತ್ತವೆ. ಮೊಟ್ಟೆಗೆ ಕಾವು ಎಷ್ಟು ದಿನ ಬೇಕು, ನಿನ್ನ ತಳಿ ಯಾವ ವರ್ಗಕ್ಕೆ ಸೇರಿದ್ದು, ಒಂದು ವರ್ಷ ತುಂಬದ ಹೇಂಟೆಗೆ ಏನೆನ್ನುತ್ತಾರೆ, ನಿನ್ನ ಮೇವಿನಲ್ಲಿ ಪ್ರೋಟೀನ್ ಎಷ್ಟಿದೆ, ಕಿವಿಹಾಲೆಯ ಬಣ್ಣಕ್ಕೂ ಮೊಟ್ಟೆಯ ಬಣ್ಣಕ್ಕೂ ಸಂಬಂಧವಿದೆಯೇ. ಕೊನೆಯದು ಜಾಣ ಪ್ರಶ್ನೆ: ಸಾಮಾನ್ಯವಾಗಿ ಬಿಳಿ ಕಿವಿಹಾಲೆಯ ತಳಿ ಬಿಳಿ ಮೊಟ್ಟೆಯನ್ನೂ ಕೆಂಪು ಕಿವಿಹಾಲೆಯ ತಳಿ ಕಂದು ಮೊಟ್ಟೆಯನ್ನೂ ಇಡುತ್ತದೆ, ಆದರೆ ಕೆಂಪು ಕಿವಿಹಾಲೆಯ ಡಾರ್ಕಿಂಗ್ ಇಡುವುದು ಬಿಳಿಯದನ್ನೇ. ನಾನು ಕಂಡ ತೀರ್ಪುಗಾರರು ಮಗುವಿನ ಕಣ್ಣಿನ ಮಟ್ಟಕ್ಕೆ ಬಾಗಿ, ಅವಸರವಿಲ್ಲದೆ ಕೇಳುತ್ತಿದ್ದರು. ಗೊತ್ತಿಲ್ಲವೆಂದು ನೇರವಾಗಿ ಹೇಳಿದ ಮಗುವಿಗೆ ಅಲ್ಲೇ ಕಲಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಮನೆಗೆ ಬಂದ ಅತಿಥಿಗಳ ಮುಂದೆ ಬಾಯಿಬಿಡದ ನಮ್ಮ ಮಗಳು, ತನ್ನ ಕಪ್ಪು ಕೊಚಿನ್ನಿನ ರೆಕ್ಕೆ ಬಿಡಿಸಿ ಹಿಡಿದು, "ಇಲ್ಲಿ ಒಂದು ಗರಿ ಹೊಸದಾಗಿ ಬರುತ್ತಿದೆ, ಇನ್ನೂ ರಕ್ತ ತುಂಬಿಕೊಂಡಿದೆ, ಅದಕ್ಕೇ ಇಲ್ಲಿ ಮುಟ್ಟುತ್ತಿಲ್ಲ" ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ವಿವರಿಸಿದ್ದನ್ನು ಕಂಡ ಮೇಲೆ ಈ ವಿಭಾಗದ ಬೆಲೆ ನನಗೆ ತಿಳಿಯಿತು. ಇಲ್ಲಿ ಹಣ ಕೊಟ್ಟು ತಂದ ಒಳ್ಳೆಯ ತಳಿಗೆ ಯಾವ ಅನುಕೂಲವೂ ಇಲ್ಲ. ಹ್ಯಾಚರಿಯ ಮಸುಕು ಪಟ್ಟೆಯ ಕೋಳಿಯನ್ನು ಹಿಡಿದ ಮಗುವೂ, ಅದನ್ನು ದಿನವೂ ಕೈಯಲ್ಲಿ ಹಿಡಿದು ಪಳಗಿಸಿದ್ದರೆ, ಮೊದಲ ಸ್ಥಾನಕ್ಕೆ ಬರಬಹುದು.

ರಿಬ್ಬನ್ನುಗಳ ವ್ಯವಸ್ಥೆಯೂ ನನಗೆ ಮೆಚ್ಚುಗೆಯಾಗಿದೆ. ಫೋರ್-ಎಚ್ ಸ್ಪರ್ಧೆಗಳಲ್ಲಿ ಅನೇಕ ಕಡೆ ಬಳಕೆಯಲ್ಲಿರುವ ಡ್ಯಾನಿಷ್ ಪದ್ಧತಿಯಲ್ಲಿ ಮಕ್ಕಳನ್ನು ಒಬ್ಬರಿಗೊಬ್ಬರನ್ನು ಎದುರಿಟ್ಟು ಅಳೆಯುವ ಬದಲು ಒಂದು ಗುಣಮಟ್ಟಕ್ಕೆ ಹೋಲಿಸಿ ನೀಲಿ, ಕೆಂಪು, ಬಿಳಿ ರಿಬ್ಬನ್ನುಗಳನ್ನು ಕೊಡುತ್ತಾರೆ. ಮಟ್ಟಕ್ಕೆ ತಕ್ಕ ಮಕ್ಕಳೆಷ್ಟು ಇದ್ದರೂ ಅಷ್ಟೂ ಮಂದಿಗೆ ನೀಲಿ ಸಿಗುತ್ತದೆ. ಚಾಂಪಿಯನ್ ಆಯ್ಕೆ ಬೇರೆಯಾಗಿ ನಡೆಯುತ್ತದೆ. ರ‍್ಯಾಂಕಿನ ಓಟದಲ್ಲಿ ಬೆಳೆದ ನಮ್ಮಂಥ ಪೋಷಕರಿಗೆ ಇದು ಮೊದಲು ವಿಚಿತ್ರವೆನಿಸುತ್ತದೆ. ಮಕ್ಕಳು ಮಾತ್ರ ಪಕ್ಕದ ಪಂಜರದ ಗೆಳತಿಗೆ ನೀರು ತುಂಬಿಕೊಡುವಷ್ಟು ಹಗುರವಾಗಿರುತ್ತಾರೆ.

ಕೊರತೆಗಳಿಲ್ಲವೆಂದಲ್ಲ. ಯೋಜನೆಯ ಪುಸ್ತಕ ಲೆಕ್ಕ ಬರೆಯುವುದಕ್ಕೆ, ಅಂಗಗಳ ಹೆಸರು ಕಲಿಯುವುದಕ್ಕೆ ಚೆನ್ನಾಗಿದೆ. ಹಕ್ಕಿಯನ್ನು ಆರಿಸುವುದು, ಗರಿಯ ಆರೈಕೆ, ಪಂಜರಕ್ಕೆ ಪಳಗಿಸುವುದು, ಇವುಗಳ ಬಗ್ಗೆ ಅದರಲ್ಲಿರುವುದು ಬಹಳ ತೆಳುವಾದ ಮಾಹಿತಿ; ಆ ತಿಳಿವಳಿಕೆಯೆಲ್ಲ ಹಿರಿಯ ಸ್ವಯಂಸೇವಕರ ತಲೆಯಲ್ಲಿದೆ. ಹಾಗಾಗಿ ನಿಮ್ಮ ಅನುಭವ ಹೇಗಿರುತ್ತದೆ ಎಂಬುದು ನೀವು ಸೇರುವ ಕ್ಲಬ್ಬಿನ ಮೇಲೆಯೇ ನಿಂತಿದೆ. ನಾವು ಮೊದಲು ಸೇರಿದ್ದ ಒಂದು ಕ್ಲಬ್ಬಿನಲ್ಲಿ ಕೋಳಿ ಬಲ್ಲವರೇ ಇರಲಿಲ್ಲ, ಸಭೆಗಳೆಲ್ಲ ನಿಧಿ ಸಂಗ್ರಹದ ಮಾತಿನಲ್ಲೇ ಮುಗಿಯುತ್ತಿದ್ದವು. ಬೇರೆ ಕ್ಲಬ್ಬಿಗೆ ಬದಲಾದ ಮೇಲೆಯೇ ಮಗಳಿಗೆ ಗುರುಗಳು ಸಿಕ್ಕಿದ್ದು. ಸೇರುವ ಮೊದಲು ಒಂದು ಸಭೆಗೆ ಸುಮ್ಮನೆ ಹೋಗಿ ಕುಳಿತು, ಅಲ್ಲಿ ಕೋಳಿ ಸಾಕುವವರು ಯಾರಿದ್ದಾರೆಂದು ಕೇಳಿ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಮತ್ತು ಅಮೆರಿಕನ್ ಬ್ಯಾಂಟಮ್ ಅಸೋಸಿಯೇಷನ್ ಒಟ್ಟಾಗಿ ನಡೆಸುವ ಯೂತ್ ಪೌಲ್ಟ್ರಿ ಕ್ಲಬ್ ಎಂಬುದೊಂದಿದೆ. ತಳಿಯ ಆಳವಾದ ಜ್ಞಾನ ಬಯಸುವ ಮಕ್ಕಳಿಗೆ ಅದು ಒಳ್ಳೆಯ ಜೊತೆ.

ಇನ್ನೊಂದು ತೊಂದರೆ ಪೋಷಕರಿಂದಲೇ ಬರುವಂಥದ್ದು. ಫೇರ್‌ನ ಹಿಂದಿನ ರಾತ್ರಿ ಅಪ್ಪಂದಿರು ಹಕ್ಕಿ ತೊಳೆಯುವುದು, ಅಮ್ಮಂದಿರು ದಾಖಲೆ ಪುಸ್ತಕ ತುಂಬುವುದು ಇಲ್ಲಿ ಅಪರೂಪವೇನಲ್ಲ. ತೀರ್ಪುಗಾರರು ಅದನ್ನು ಎರಡೇ ಪ್ರಶ್ನೆಗಳಲ್ಲಿ ಕಂಡುಹಿಡಿಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಮಗುವಿಗೇ ಅದು ಗೊತ್ತಿರುತ್ತದೆ. ಮೇವು ನೀರು ಬೆಳಿಗ್ಗೆ ಅವಳೇ ಹಾಕಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಬಟ್ಟಲನ್ನು ಅವಳೇ ಬದಲಾಯಿಸಲಿ. ನಾವು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯಬಹುದು.

ಹಕ್ಕಿಜ್ವರದ ವಿಷಯವನ್ನು ಮುಚ್ಚಿಡುವಂತಿಲ್ಲ. 2015ರಲ್ಲಿ ಓಹಾಯೋ ಕೃಷಿ ಇಲಾಖೆ ಆ ವರ್ಷದ ಎಲ್ಲ ಜೀವಂತ ಹಕ್ಕಿಗಳ ಪ್ರದರ್ಶನವನ್ನೂ ರದ್ದು ಮಾಡಿತ್ತು. 2022ರಿಂದ ಎಚ್5ಎನ್1 ಅಮೆರಿಕದ ಉದ್ದಗಲಕ್ಕೂ ಕಾಣಿಸಿಕೊಳ್ಳುತ್ತಿರುವುದರಿಂದ ಅಂಥ ನಿರ್ಧಾರ ಯಾವ ವರ್ಷ ಬೇಕಾದರೂ ಬರಬಹುದು. ವರ್ಷವಿಡೀ ದುಡಿದ ಮಗುವಿಗೆ ಅದು ದೊಡ್ಡ ಆಘಾತ, ಆದ್ದರಿಂದ ಆರಂಭದಲ್ಲೇ ಅವಳಿಗೆ ಈ ಸಾಧ್ಯತೆಯನ್ನು ತಿಳಿಸಿ ಹೇಳಬೇಕು. ಕಾಡುಬಾತುಗಳು ಇಳಿಯುವ ಕೊಳದ ಹತ್ತಿರ ಕೋಳಿ ಬಿಡಬೇಡಿ, ಗೂಡಿಗೆ ಹೋಗುವಾಗ ಬೇರೆಯೇ ಒಂದು ಜೊತೆ ಬೂಟು ಇಟ್ಟುಕೊಳ್ಳಿ, ಫೇರ್‌ನಿಂದ ಮರಳಿದ ಹಕ್ಕಿಯನ್ನು ಕೆಲವು ವಾರ ಉಳಿದವುಗಳಿಂದ ಪ್ರತ್ಯೇಕವಾಗಿಡಿ.

ಖರ್ಚಿನ ಬಗ್ಗೆ ಕೇಳುವವರಿಗೆ ಹೇಳುವುದಾದರೆ, ಹಕ್ಕಿಗಿಂತ ಗೂಡೇ ದುಬಾರಿ. ರಕೂನುಗಳ ಕೈಗೆ ಸಿಗದಂತೆ ದಪ್ಪ ತಂತಿಜಾಲರಿಯನ್ನೂ ಎರಡು ಹಂತದ ಚಿಲಕವನ್ನೂ ಹಾಕಿಸುವಲ್ಲಿ ಮಾತ್ರ ಹಣ ಉಳಿಸಲು ಹೋಗಬೇಡಿ. ನೋಂದಣಿಯ ಗಡುವು ಸಾಮಾನ್ಯವಾಗಿ ವಸಂತದಲ್ಲೇ ಮುಗಿಯುತ್ತದೆ, ಹಕ್ಕಿ ಮಗುವಿನ ವಶದಲ್ಲಿ ಇಷ್ಟು ದಿನಾಂಕದೊಳಗೆ ಇರಬೇಕೆಂಬ ನಿಯಮ ಕೌಂಟಿಯಿಂದ ಕೌಂಟಿಗೆ ಬದಲಾಗುತ್ತದೆ. ಆದ್ದರಿಂದ ಈ ಬೇಸಿಗೆಯ ಫೇರ್‌ನಲ್ಲಿ ಮಗುವಿನೊಂದಿಗೆ ಶೋಮನ್‌ಶಿಪ್ ಸ್ಪರ್ಧೆಯ ಹೊತ್ತಿಗೆ ಸರಿಯಾಗಿ ಹೋಗಿ ಪೂರ್ತಿ ಕುಳಿತು ನೋಡಿ, ಶರತ್ಕಾಲದ ಪ್ರದರ್ಶನವೊಂದರಲ್ಲಿ ಎರಡು ಹೇಂಟೆಗಳನ್ನು ಆರಿಸಿ ತನ್ನಿ, ಚಳಿಗಾಲವೆಲ್ಲ ಅವುಗಳನ್ನು ಎತ್ತಿ ಹಿಡಿದು ಪಳಗಿಸಲು ಬಿಡಿ; ಹೆಸರು ಬರೆಸುವ ಹೊತ್ತಿಗೆ ಮಗುವಿಗೆ ನಿಜವಾಗಿ ಇದು ಬೇಕೇ ಬೇಡವೇ ಎಂಬುದು ಅವಳಿಗೂ ನಿಮಗೂ ಗೊತ್ತಾಗಿರುತ್ತದೆ.